ಲಕ್ಕುಂಡಿಯಲ್ಲಿ ಒಂದು ರಾತ್ರಿ ಉಳಿಯೋಕೆ ಜಾಗ ಮಾಡಿಕೊಡಿ

ಗದಗ ಜಿಲ್ಲೆಯ ಪ್ರವಾಸೋದ್ಯಮ ನೋಡಿಕೊಳ್ಳುವ ಅಧಿಕಾರಿಗಳಿಗೆ, ನಮ್ಮ ಜನಪ್ರತಿನಿಧಿಗಳಿಗೆ, ಲಕ್ಕುಂಡಿ ಪಂಚಾಯ್ತಿಯ ಸದಸ್ಯರಿಗೆ ಮತ್ತು ಊರಿನ ಹಿರಿಯರಿಗೆ ನಮಸ್ಕಾರ.

ನಾನು ಲಕ್ಕುಂಡಿಯ ಮೊಮ್ಮಗಳು. ನಮ್ಮವ್ವನ ತವರುಮನೆ ಅಲ್ಲಿತ್ತು. ಶಾಲೆ ಓದಿದ್ದು ಹುಬ್ಬಳ್ಳಿಯಲ್ಲಿ, ಈಗ ಇಪ್ಪತ್ತೆರಡು ವರ್ಷದಿಂದ ಇರುವುದು ಬೆಂಗಳೂರಲ್ಲಿ. 1986ರಿಂದ 1992ರವರೆಗೆ ಒಂದೇ ಒಂದು ಬೇಸಿಗೆ ಸೂಟಿಯನ್ನೂ ನಾನು ಬೇರೆ ಊರಲ್ಲಿ ಕಳೆದಿಲ್ಲ. ಪರೀಕ್ಷೆ ಮುಗಿದ ಮರುದಿನ ಹೊರಟರೆ ಶಾಲೆ ಶುರುವಾಗುವ ಹಿಂದಿನ ದಿನ ವಾಪಸ್. ಆಮೇಲೆ ಅಜ್ಜ ತೀರಿಕೊಂಡರು, ಆಯಿ, ಅಂದರೆ ನಮ್ಮಜ್ಜಿ, ನಮ್ಮ ಜೊತೆ ಹುಬ್ಬಳ್ಳಿಗೆ ಬಂದಳು, 1998ರಲ್ಲಿ ಮನೆ ಮಾರಿದೆವು. ಅಲ್ಲಿಗೆ ಹೋಗೋದು ನಿಂತೇ ಹೋಯಿತು.

ಕಳೆದ ದಸರಾ ರಜೆಯಲ್ಲಿ ಹತ್ತು ವರ್ಷದ ಮಗಳನ್ನು ಕರೆದುಕೊಂಡು ಮತ್ತೆ ಹೋದೆ. ಈ ಸಲ ಪ್ರವಾಸಿಯಾಗಿ. ಬಂದ ಮೇಲೆ ಒಂದೇ ವಿಷಯ ತಲೆಯಲ್ಲಿ ಕೂತಿದೆ, ಅದನ್ನೇ ನಿಮ್ಮ ಮುಂದೆ ಇಡುತ್ತಿದ್ದೇನೆ. ಲಕ್ಕುಂಡಿಗೆ ಬಂದವರು ಒಂದು ರಾತ್ರಿ ಅಲ್ಲೇ ಉಳಿಯುವಂತಾಗಬೇಕು. ಅದಕ್ಕೆ ಹೊಸ ಹೋಟೆಲ್ ಕಟ್ಟಿಸಿ ಅಂತ ಕೇಳುತ್ತಿಲ್ಲ. ಊರಿನವರ ಮನೆಗಳಲ್ಲಿ, ಅವರ ಪಡಸಾಲೆಯಲ್ಲಿ, ಅವರ ಮಾಳಿಗೆಯ ಮೇಲೆ ಉಳಿಯುವ ಹಾಗೆ ಮಾಡಿ.

ಯಾಕೆ ಅಂತ ಹೇಳಲು ಸ್ವಲ್ಪ ಹಿಂದಕ್ಕೆ ಹೋಗಬೇಕು.

ಆಗ ಗದಗ ಇನ್ನೂ ಧಾರವಾಡ ಜಿಲ್ಲೆಯಲ್ಲೇ ಇತ್ತು. ಬೇರೆ ಜಿಲ್ಲೆ ಆಗಿದ್ದು 1997ರಲ್ಲಿ. ಹುಬ್ಬಳ್ಳಿಯಿಂದ ಮೀಟರ್ ಗೇಜ್ ರೈಲು ಹತ್ತುತ್ತಿದ್ದೆವು. ಅಣ್ಣಿಗೇರಿ, ಹುಲಕೋಟಿ ದಾಟಿದರೆ ಗದಗ. ಕಿಟಕಿಯ ಆಚೆ ಕಣ್ಣು ಹಾಯುವಷ್ಟು ದೂರ ಎರೆ ಭೂಮಿ. ಮೇ ತಿಂಗಳಲ್ಲಿ ಆ ನೆಲ ಹೇಗಿರುತ್ತದೆ ಅಂತ ನಿಮಗೇ ಗೊತ್ತು. ಬೆಳೆ ಇರಲ್ಲ, ಹಸಿರು ಇರಲ್ಲ, ಕಾಲು ಸಿಕ್ಕಿಕೊಳ್ಳುವಷ್ಟು ಅಗಲದ ಬಿರುಕು. ಗದಗಿನಲ್ಲಿ ಇಳಿದು ಕೆಂಪು ಬಸ್ ಹತ್ತಿದರೆ ಹನ್ನೆರಡು ಕಿಲೋಮೀಟರ್. ಸ್ಟಾಪಿನಲ್ಲಿ ಸೋದರಮಾವ ಸೈಕಲ್ ಹಿಡಿದುಕೊಂಡು ನಿಂತಿರುತ್ತಿದ್ದ. ಟ್ರಂಕು ಸೈಕಲ್ ಮೇಲೆ, ನಾವು ಅವನ ಹಿಂದೆ ಓಡುತ್ತಾ.

ನಮ್ಮಜ್ಜನ ಮನೆ ಮಣ್ಣಿನ ಮಾಳಿಗೆಯದು. ಗೋಡೆ ಎರಡು ಮೊಳ ದಪ್ಪ. ಮೇಲೆ ತೊಲೆ, ಜಂತಿ, ಅದರ ಮೇಲೆ ಮಣ್ಣು. ಮಳೆಗಾಲಕ್ಕೆ ಮೊದಲು ಪ್ರತಿ ವರ್ಷ ಸವಳು ಮಣ್ಣು ತಂದು ಹರಡಿ, ತುಳಿದು, ಗಟ್ಟಿ ಮಾಡುತ್ತಿದ್ದರು. ಮಕ್ಕಳಿಗೆ ಆ ತುಳಿಯುವ ಕೆಲಸ ಅಂದರೆ ಹಬ್ಬ. ಹಗಲು ಎಂಥ ಬಿಸಿಲಿದ್ದರೂ ಒಳಗೆ ತಂಪು. ಮಾಳಿಗೆಯ ನಡುವೆ ಒಂದು ಬೆಳಕಿಂಡಿ. ಮಧ್ಯಾಹ್ನ ಅದರಿಂದ ಇಳಿಯುವ ಬಿಸಿಲಿನ ಕೋಲು ಪಡಸಾಲೆಯ ನೆಲದ ಮೇಲೆ ನಿಧಾನಕ್ಕೆ ಸರಿಯುತ್ತಿತ್ತು. ಅದು ಕಂಬದ ಬುಡಕ್ಕೆ ಬಂದರೆ ಆಯಿ ಚಹಾಕ್ಕೆ ಇಡುತ್ತಿದ್ದಳು. ನಮ್ಮ ಮನೆಯ ಗಡಿಯಾರ ಅದೇ.

ಆದರೆ ನನಗೆ ಲಕ್ಕುಂಡಿ ಅಂದರೆ ಮೊದಲು ನೆನಪಾಗುವುದು ರಾತ್ರಿ. ಊಟ ಮುಗಿದ ಮೇಲೆ ಏಣಿ ಹತ್ತಿ ಎಲ್ಲರೂ ಮಾಳಿಗೆಗೆ. ಕಂಬಳಿ ಹಾಸಿ, ಕೌದಿ ಹೊದ್ದು, ಸಾಲಾಗಿ ಹನ್ನೊಂದು ಮಂದಿ. ಗದಗಿನ ಗಾಳಿ ಗೊತ್ತಲ್ವಾ, ಸಂಜೆ ಎದ್ದರೆ ಬೆಳಗಿನ ತನಕ ಬೀಸುತ್ತದೆ. ನಮ್ಮ ಮಾಳಿಗೆಯಿಂದ ಎರಡು ಗುಡಿಗಳ ತುದಿ ಕಾಣುತ್ತಿತ್ತು. ಬೆಳದಿಂಗಳಿದ್ದರೆ ಅವು ಎದ್ದು ನಿಂತ ಹಾಗೆ, ಕತ್ತಲಿದ್ದರೆ ಚುಕ್ಕಿ ಇಲ್ಲದ ಜಾಗ ನೋಡಿ ಅಲ್ಲಿ ಗುಡಿ ಇದೆ ಅಂತ ತಿಳಿಯಬೇಕಿತ್ತು.

ಆಯಿ ಕತೆ ಶುರು ಮಾಡುತ್ತಿದ್ದುದು ಆ ಹೊತ್ತಿಗೇ. ರಾಜರ ಕತೆಗಿಂತ ಅತ್ತಿಮಬ್ಬೆಯ ಕತೆಯೇ ಜಾಸ್ತಿ. ಊರಿನ ದೊಡ್ಡ ಬಸದಿ, ಬ್ರಹ್ಮ ಜಿನಾಲಯ, 1007ರಲ್ಲಿ ಆಕೆ ಕಟ್ಟಿಸಿದ್ದು. ನಮ್ಮಾಯಿಗೆ ಇಸವಿ ಗೊತ್ತಿರಲಿಲ್ಲ. ಆದರೆ ಪೊನ್ನನ ಶಾಂತಿಪುರಾಣವನ್ನು ಸಾವಿರ ಪ್ರತಿ ಮಾಡಿಸಿ ಹಂಚಿದ್ದು ಗೊತ್ತಿತ್ತು. "ಹಾಳಿ ಇರಲಿಲ್ಲ ಯವ್ವಾ ಆವಾಗ. ತಾಳಿಗರಿ ಮ್ಯಾಲ ಒಂದೊಂದ ಅಕ್ಷರ ಕೊರಿಬೇಕಿತ್ತು. ಅಂಥಾದ್ದು ಸಾವಿರ ಬರಿಸಿದ್ಲು ನಮ್ಮ ಅತ್ತಿಮಬ್ಬಿ" ಅನ್ನುತ್ತಿದ್ದಳು. ಪಕ್ಕದ ಓಣಿಯವಳು, ನಿನ್ನೆ ಮೊನ್ನೆ ಸಿಕ್ಕಿದ್ದಳು ಅನ್ನುವ ಹಾಗೆ. ಶಾಲೆಗೆ ಹೋಗದ ಹೆಂಗಸು ಪುಸ್ತಕ ಹಂಚಿದ ಹೆಂಗಸಿನ ಬಗ್ಗೆ ಅಷ್ಟು ಹೆಮ್ಮೆಯಿಂದ ಹೇಳುತ್ತಿದ್ದಳು. ಆ ದನಿ ಇವತ್ತಿಗೂ ನನ್ನ ಕಿವಿಯಲ್ಲಿದೆ.

ಈಗ ಕಳೆದ ದಸರಾಕ್ಕೆ ಬರುತ್ತೇನೆ.

ಹುಬ್ಬಳ್ಳಿಯಿಂದ ಕಾರಿನಲ್ಲಿ ಹೊರಟೆವು. ರಸ್ತೆ ಅಗಲವಾಗಿದೆ, ಚೆನ್ನಾಗಿದೆ. ಲಕ್ಕುಂಡಿ ತಲುಪಿದಾಗ ಹನ್ನೊಂದೂವರೆ. ಕಾಶಿ ವಿಶ್ವನಾಥ ಗುಡಿಯ ಸುತ್ತ ಹುಲ್ಲುಹಾಸು, ಬೇಲಿ, ಎಲ್ಲಾ ಅಚ್ಚುಕಟ್ಟು. ನಮ್ಮ ಕಾಲದಲ್ಲಿ ಅಲ್ಲಿ ಆಡು ಮೇಯುತ್ತಿದ್ದವು. ಕಾಪಾಡಿದವರಿಗೆ ಮನಸಾರೆ ಧನ್ಯವಾದ ಹೇಳುತ್ತೇನೆ. ಶಿವನ ಗುಡಿಯೂ ಅದರ ಎದುರಿನ ಸೂರ್ಯನ ಗುಡಿಯೂ ಮುಖಾಮುಖಿ ನಿಂತಿರುವುದನ್ನು ಮಗಳಿಗೆ ತೋರಿಸಿದೆ. ಬಾಗಿಲಿನ ಚೌಕಟ್ಟಿನ ಮುಂದೆ ಕೂರಿಸಿ, ಪಟ್ಟಿಗಳನ್ನು ಎಣಿಸು ಅಂದೆ. ನನ್ನ ಸೋದರಮಾವ ನನ್ನನ್ನು ಹಾಗೇ ಕೂರಿಸುತ್ತಿದ್ದ. ಒಂದು ಪಟ್ಟಿಯಲ್ಲಿ ಬಳ್ಳಿ, ಇನ್ನೊಂದರಲ್ಲಿ ಅಂಗೈಯಷ್ಟು ಎತ್ತರದ ಜನ. ಅವರ ಕೈಯಲ್ಲಿ ಮದ್ದಲೆ ಇದೆಯೋ ತಾಳ ಇದೆಯೋ ಅಂತ ಹುಡುಕುವುದೇ ಆಟ.

ಆದರೆ ಮಗಳಿಗೆ ಸರಿಯಾಗಿ ಕಾಣಲಿಲ್ಲ. ಕಣ್ಣು ಕಿರಿದು ಮಾಡಿ ನೋಡಿದಳು. ತಪ್ಪು ಅವಳದ್ದಲ್ಲ. ನೆತ್ತಿಯ ಬಿಸಿಲಿನಲ್ಲಿ ಕೆತ್ತನೆ ಚಪ್ಪಟೆ ಕಾಣುತ್ತದೆ. ಲಕ್ಕುಂಡಿಯ ಬಳಪದ ಕಲ್ಲಿನ ಕೆಲಸ ಅಷ್ಟು ನಾಜೂಕು. ಬೆಳಿಗ್ಗೆ ಏಳು ಗಂಟೆಗೋ ಸಂಜೆ ಐದೂವರೆಗೋ ಬಿಸಿಲು ಓರೆಯಾಗಿ ಬಿದ್ದಾಗ ನೋಡಬೇಕು. ಆಗ ಒಂದೊಂದು ಎಲೆಯ ಹಿಂದೆಯೂ ನೆರಳು ಹುಟ್ಟಿಕೊಂಡು ಬಳ್ಳಿ ಕಲ್ಲಿನಿಂದ ಎದ್ದು ಬರುತ್ತದೆ. ಆ ಬೆಳಕು ನೋಡಬೇಕಾದರೆ ಊರಲ್ಲಿ ಇರಬೇಕು. ಹುಬ್ಬಳ್ಳಿಯಿಂದ ಹಂಪಿಗೆ ಹೋಗುವ ದಾರಿಯಲ್ಲಿ ಇಳಿದು ಹತ್ತುವವರಿಗೆ ಅದು ಸಿಗಲ್ಲ. ನಾವಿದ್ದಾಗಲೇ ಒಂದು ಮಿನಿ ಬಸ್ ಬಂತು. ಜನ ಇಳಿದರು, ಫೋಟೋ ತೆಗೆದರು, ಒಂದು ಗುಡಿ ನೋಡಿದರು, ಹೊರಟರು. ಮುಕ್ಕಾಲು ಗಂಟೆಯೂ ಇರಲಿಲ್ಲ. ಊರಿನ ಒಂದು ಅಂಗಡಿಯಲ್ಲೂ ಅವರು ಚಹಾ ಕುಡಿದದ್ದು ನಾನು ಕಾಣಲಿಲ್ಲ.

ಬಸದಿ ನೋಡಿದೆವು. ಮಾಣಿಕೇಶ್ವರ ಗುಡಿಯ ಮುಂದಿನ ಮುಸುಕಿನ ಬಾವಿ ನೋಡಿದೆವು. ಆ ಬಾವಿಯ ಗೋಡೆಯ ತುಂಬ ಪುಟ್ಟ ಪುಟ್ಟ ಗೂಡುಗಳು, ಒಂದೊಂದೂ ಒಂದು ಗುಡಿ. ಚಿಕ್ಕವಳಿದ್ದಾಗ ನಾನು ಹುಣಸೆಹಣ್ಣು ಬಚ್ಚಿಟ್ಟಿದ್ದ ಗೂಡು ಯಾವುದು ಅಂತ ಮಗಳು ಕೇಳಿದಳು. ಎಡಗಡೆಯ ಮೆಟ್ಟಿಲ ಹತ್ತಿರದ್ದು ಅಂದೆ. ಅವಳು ಮೆಟ್ಟಿಲ ಮೇಲೆ ಕೂತು ಬಹಳ ಹೊತ್ತು ಆ ಗೂಡನ್ನೇ ನೋಡಿದಳು. ನೂರೊಂದು ಗುಡಿ, ನೂರೊಂದು ಬಾವಿ ಅಂತ ಊರಿನ ಮಾತು. ನಾವು ಆ ದಿನ ನೋಡಿದ್ದು ನಾಲ್ಕು ಗುಡಿ, ಒಂದು ಬಾವಿ. ಕನ್ನೆ ಬಾವಿ, ಛಬ್ಬೇರ ಬಾವಿ ಉಳಿದೇ ಹೋದವು.

ಅಷ್ಟರಲ್ಲಿ ಸಂಜೆಯಾಯಿತು. ಆಗ ಮಗಳು ಕೇಳಿದಳು: "ಅಮ್ಮಾ, ರಾತ್ರಿ ಇಲ್ಲೇ ಇರೋಣ್ವಾ? ನೀನು ಹೇಳ್ತಿದ್ಯಲ್ಲ, ಟೆರೇಸ್ ಮೇಲೆ ಮಲಗ್ತಿದ್ದೆ ಅಂತ?"

ವಿಚಾರಿಸಿದೆ. ನಮಗೆ ಎಲ್ಲೂ ಜಾಗ ಸಿಗಲಿಲ್ಲ. ಗದಗಿಗೆ ಹೋಗಿ ಅಂದರು. ಅಜ್ಜನ ಊರಿಗೆ ಬಂದು, ಕತ್ತಲಾಗುವ ಮೊದಲು ಊರು ಬಿಡಬೇಕಾಗಿ ಬಂದದ್ದು ಅದೇ ಮೊದಲು. ಗದಗಿನ ಲಾಡ್ಜಿನಲ್ಲಿ ಫ್ಯಾನ್ ಕೆಳಗೆ ಮಲಗಿದ್ದಾಗ ಮಗಳು ನಿದ್ದೆ ಹೋದಳು. ನನಗೆ ನಿದ್ದೆ ಬರಲಿಲ್ಲ.

ಹೊರಡುವ ಮೊದಲು ನಮ್ಮ ಹಳೇ ಮನೆಗೆ ಹೋಗಿದ್ದೆ. ಹೋಗಲೋ ಬೇಡವೋ ಅಂತ ಎರಡು ಸಲ ಓಣಿಯ ತುದಿಯಿಂದ ವಾಪಸ್ ಬಂದು, ಮೂರನೇ ಸಲ ಹೋದೆ. ಕಟ್ಟೆಯ ಮೇಲೆ ಒಬ್ಬ ಅಜ್ಜಿ ಶೇಂಗಾ ಸುಲಿಯುತ್ತಾ ಕೂತಿದ್ದರು. ಯಾರ ಮನೆಯವಳು ಅಂತ ಹೇಳಿದ ಕೂಡಲೇ ಎದ್ದು ಕೈ ಹಿಡಿದರು. "ಬಾ ಒಳಗ. ಇದು ನಿಮ್ಮನೀನ ಅಲ್ಲೇನ? ಬಾಗಲದಾಗ ಯಾಕ ನಿಂತಿ?" ತೊಲೆ ಅದೇ, ಕಂಬ ಅದೇ. ಬೆಳಕಿಂಡಿಗೆ ಈಗ ಗಾಜು ಹಾಕಿಸಿದ್ದಾರೆ.

ನನಗೆ ಹಿತ್ತಲಿನ ಒಂದು ಕಲ್ಲು ನೋಡಬೇಕಿತ್ತು. ಅದು ಆಯಿ ಬಟ್ಟೆ ಒಗೆಯುತ್ತಿದ್ದ ಕಲ್ಲು. ಮೇಲೆ ಸಪಾಟು. ಎರಡು ಕಡೆ ಸಣ್ಣ ಕಲ್ಲು ಕೊಟ್ಟು ಸ್ವಲ್ಪ ಎತ್ತರಕ್ಕೆ ಇಟ್ಟಿದ್ದರು. ಅಡಿಗೆ ಕೈ ತೂರಿಸಿದರೆ ಬೆರಳಿಗೆ ಕೆತ್ತನೆ ಸಿಗುತ್ತಿತ್ತು. ಹಂಸಗಳ ಸಾಲು. ಯಾವುದೋ ಬಿದ್ದುಹೋದ ಗುಡಿಯ ಪಟ್ಟಿ ಇರಬೇಕು. ನಾನು ಅದನ್ನು ಕಣ್ಣಿಂದ ನೋಡಿಯೇ ಇರಲಿಲ್ಲ. ಬೆರಳಿಂದ ಮಾತ್ರ ಗೊತ್ತು. ಐದು ಹಂಸ. ಕತ್ತು, ಎದೆ, ಮತ್ತೆ ಕತ್ತು, ಎದೆ. ಐದನೆಯದರ ಕೊಕ್ಕು ಮುರಿದಿತ್ತು, ಅಲ್ಲಿ ಬೆರಳು ಚುಚ್ಚುತ್ತಿತ್ತು. ಯುಗಾದಿಗೆ ಆಯಿ ಆ ಕಲ್ಲನ್ನು ತೊಳೆದು ಅರಿಶಿನ ಹಚ್ಚುತ್ತಿದ್ದಳು. ವರ್ಷವಿಡೀ ಬಟ್ಟೆ ಬಡಿದದ್ದಕ್ಕೆ ಒಂದು ದಿನ ಕ್ಷಮೆ ಕೇಳುವ ಹಾಗೆ.

"ಕೊಟ್ಟಿವಿ ಯವ್ವಾ" ಅಂದರು ಅಜ್ಜಿ. 2024ರ ನವೆಂಬರ್‌ನಲ್ಲಿ ಊರಿನ ಮನೆ, ಹಿತ್ತಲು, ಹೊಲಗಳಲ್ಲಿ ಬಿದ್ದಿದ್ದ ಶಿಲ್ಪ, ಶಾಸನಗಳನ್ನು ಹುಡುಕಿ ಸಂಗ್ರಹಿಸಿದರಲ್ಲ, ಆಗ. ಒಂದು ಸಾವಿರಕ್ಕೂ ಹೆಚ್ಚು ಕಲ್ಲು ಸಿಕ್ಕವು. ತಲೆಮಾರುಗಳಿಂದ ಮನೆಯವರ ಹಾಗೆ ಇದ್ದ ಕಲ್ಲುಗಳನ್ನು ಜನ ತಾವಾಗಿ ಮುಂದೆ ಬಂದು ಕೊಟ್ಟರು. ನಮ್ಮ ಹಂಸಗಳಿಗೂ ಪೂಜೆ ಮಾಡಿ, ಕಾಯಿ ಒಡೆದು ಕಳಿಸಿದರಂತೆ. ಈಗ ಊರಲ್ಲಿ ಉತ್ಖನನವೂ ಶುರುವಾಗಿದೆ. ತುಂಬಾ ಒಳ್ಳೆಯ ಕೆಲಸ. ಕಲ್ಲು ಸುರಕ್ಷಿತವಾಗಿರಬೇಕಾದದ್ದು ಆ ಸಂಗ್ರಹದಲ್ಲಿಯೇ, ಬಚ್ಚಲಿನ ಪಕ್ಕ ಅಲ್ಲ. ಇದನ್ನು ನಾನು ಒಪ್ಪುತ್ತೇನೆ.

ಆದರೆ ಆ ಮನೆಗಳಿಗೆ ಏನು ಸಿಕ್ಕಿತು?

ಸ್ಮಾರಕಗಳ ಕಾಯ್ದೆ ಲಕ್ಕುಂಡಿಯವರಿಗೆ ಬಾಯಿಪಾಠ. ರಕ್ಷಿತ ಗುಡಿಯಿಂದ ನೂರು ಮೀಟರ್ ಒಳಗೆ ಹೊಸದಾಗಿ ಕಟ್ಟುವಂತಿಲ್ಲ. ಅದರಾಚೆ ಇನ್ನೂ ಇನ್ನೂರು ಮೀಟರ್‌ಗೆ ಅನುಮತಿ ಬೇಕು. ಊರಿನ ನಡುವೆಯೇ ಇಷ್ಟೊಂದು ಗುಡಿಗಳಿರುವಾಗ ಎಷ್ಟು ಮನೆಗಳು ಆ ಗೆರೆಯೊಳಗೆ ಬರುತ್ತವೆ ಯೋಚಿಸಿ. ಮಗನ ಮದುವೆಗೆ ಒಂದು ಕೋಣೆ ಏರಿಸಬೇಕೆಂದರೆ ಆಗಲ್ಲ. ಕಾಯ್ದೆ ಬೇಕು, ಅದಿಲ್ಲದಿದ್ದರೆ ಗುಡಿಗಳು ಉಳಿಯುತ್ತಿರಲಿಲ್ಲ. ಆದರೆ ಸಾವಿರ ವರ್ಷದ ಹಿಂದಿನ ವೈಭವದ ಭಾರವನ್ನು ಈಗಿನವರು ಹೊರುತ್ತಿದ್ದಾರೆ, ಅದರ ಲಾಭದಲ್ಲಿ ಅವರಿಗೆ ಪಾಲು ಸಿಕ್ಕಿಲ್ಲ. ಒಂದು ಕಾಲದಲ್ಲಿ ಇದೇ ಊರಿನ ಟಂಕಸಾಲೆಯ ನಾಣ್ಯಕ್ಕೆ ಲೊಕ್ಕಿ ಗದ್ಯಾಣ ಅಂತ ಹೆಸರಿತ್ತು. ಊರಿಗೆ ಬಂದವರು ಇಲ್ಲಿ ದುಡ್ಡು ಬಿಟ್ಟು ಹೋಗುತ್ತಿದ್ದರು, ದುಡ್ಡು ಹುಟ್ಟುತ್ತಿದ್ದುದೂ ಇಲ್ಲೇ.

ನಾನು ಕೇಳುತ್ತಿರುವುದಕ್ಕೆ ಒಂದು ಇಟ್ಟಿಗೆಯನ್ನೂ ಹೊಸದಾಗಿ ಇಡಬೇಕಿಲ್ಲ. ಇರುವ ಮನೆಗಳನ್ನು ಅನುಮತಿ ಪಡೆದು ರಿಪೇರಿ ಮಾಡಲು ಕಾಯ್ದೆಯಲ್ಲೇ ಅವಕಾಶ ಇದೆ. ಮಾಳಿಗೆ ಮನೆಗಳು ಇನ್ನೂ ನಿಂತಿವೆ. ಅವುಗಳಲ್ಲಿ ಮೊದಲಿಗೆ ಹತ್ತು ಮನೆ ಆರಿಸಿ. ಒಂದೊಂದು ಮನೆಯಲ್ಲಿ ಒಂದು ಕೋಣೆ, ಒಂದು ಒಳ್ಳೆಯ ಶೌಚಾಲಯ, ಸ್ನಾನಕ್ಕೆ ಜಾಗ, ಕುಡಿಯುವ ನೀರು. ಸೋರುವ ಮಾಳಿಗೆ ಸರಿಮಾಡಲು ಸಾಲವೋ ಸಹಾಯಧನವೋ ಕೊಡಿ. ಆದರೆ ಮಾಳಿಗೆಯನ್ನು ಕಿತ್ತು ಆರ್‌ಸಿಸಿ ಹಾಕಿಸಬೇಡಿ, ಮಣ್ಣು ಹಾಕುವುದು ಗೊತ್ತಿರುವ ಹಿರಿಯರು ಊರಲ್ಲಿ ಇನ್ನೂ ಇದ್ದಾರೆ, ಅವರಿಂದಲೇ ಹಾಕಿಸಿ. ರಿಪೇರಿ ಅನುಮತಿಗೆ ಜನ ಕಾಗದ ಹಿಡಿದು ಅಲೆಯದ ಹಾಗೆ ತಿಂಗಳಿಗೊಂದು ದಿನ ಪಂಚಾಯ್ತಿ ಕಟ್ಟೆಯಲ್ಲೇ ಕೂತು ಅರ್ಜಿ ತಗೊಳ್ಳಿ. ಎಲ್ಲಕ್ಕಿಂತ ಇದು ಮುಖ್ಯ. ಕೊಡಗು, ಚಿಕ್ಕಮಗಳೂರಿನಲ್ಲಿ ಹೋಂಸ್ಟೇ ನಡೆಸುವುದು ಹೇಗೆ ಅಂತ ನಮ್ಮ ರಾಜ್ಯಕ್ಕೆ ಚೆನ್ನಾಗಿ ಗೊತ್ತು. ಬಯಲುಸೀಮೆಯ ಮನೆಗೂ ಅದು ಆಗಲಿ.

ಅದನ್ನು ನಡೆಸುವುದು ಹೊರಗಿನ ಕಂಪನಿ ಆಗಬಾರದು. 1905ರಲ್ಲಿ ದೇಶದ ಮೊಟ್ಟಮೊದಲ ಸಹಕಾರ ಸಂಘಗಳಲ್ಲಿ ಒಂದು ಹುಟ್ಟಿದ್ದು ಇದೇ ಗದಗ ತಾಲ್ಲೂಕಿನ ಕಣಗಿನಹಾಳದಲ್ಲಿ. ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ರೈತರನ್ನು ಕೂಡಿಸಿ ಕಟ್ಟಿದರು. ಆ ನೆಲದ ಹೆಣ್ಣುಮಕ್ಕಳಿಗೆ ಹತ್ತು ಮನೆಗಳ ಒಂದು ಸಂಘ ನಡೆಸೋದು ಕಷ್ಟವಾ? ಯಾವ ಮನೆಗೆ ಯಾವ ಅತಿಥಿ, ದರ ಎಷ್ಟು, ಸರದಿ ಹೇಗೆ, ಎಲ್ಲವನ್ನೂ ಅವರೇ ಗೊತ್ತುಮಾಡಲಿ. ಊಟಕ್ಕೆ ಬಿಸಿ ರೊಟ್ಟಿ, ಪುಂಡಿ ಪಲ್ಯ, ಗುರೆಳ್ಳು ಹಿಂಡಿ, ಗಟ್ಟಿ ಮೊಸರು. ಮೆನು ಕಾರ್ಡ್ ಬೇಡ, ಆ ದಿನ ಮನೆಯಲ್ಲಿ ಏನಿದೆಯೋ ಅದು.

ಊರಿನ ಹಿರಿಯರ ಅಂಜಿಕೆ ನನಗೆ ಅರ್ಥವಾಗುತ್ತದೆ. ರಾತ್ರಿ ಉಳಿಯುವವರು ಬಂದರೆ ಕುಡಿತ, ಗದ್ದಲ, ಸ್ಪೀಕರ್ ಹಾಡು ಬರುತ್ತವೆ ಅಂತ. ಅದಕ್ಕೇ ಮನೆಯವರು ಇರುವ ಮನೆಯಲ್ಲೇ ಅತಿಥಿ ಇರಬೇಕು ಅನ್ನುತ್ತಿದ್ದೇನೆ. ಅಜ್ಜಿ ಪಕ್ಕದ ಕೋಣೆಯಲ್ಲಿ ಮಲಗಿದ್ದರೆ ಯಾರು ತಾನೇ ಬಾಟಲಿ ತೆಗೆಯುತ್ತಾರೆ? ಒಪ್ಪದವರಿಗೆ ಕೋಣೆ ಕೊಡಬೇಡಿ. ಆ ಹಕ್ಕು ಮನೆಯ ಹೆಂಗಸಿನ ಕೈಯಲ್ಲಿರಲಿ.

ಒಂದು ರಾತ್ರಿ ಉಳಿದರೆ ಸುತ್ತಲಿನ ಜಿಲ್ಲೆಯೂ ತೆರೆದುಕೊಳ್ಳುತ್ತದೆ. ಬೆಳಿಗ್ಗೆ ಎದ್ದು ಡಂಬಳಕ್ಕೆ ಹೋಗಿ 24 ಮೂಲೆಯ ನಕ್ಷತ್ರದ ಹಾಗೆ ಕಟ್ಟಿದ ದೊಡ್ಡಬಸಪ್ಪನ ಗುಡಿ ನೋಡಬಹುದು. ಅಲ್ಲಿಂದ ಕಪ್ಪತಗುಡ್ಡ. ಆ ಗುಡ್ಡದ ಔಷಧಿ ಗಿಡಗಳಿಗಾಗಿ ನಮ್ಮ ಜನ ಬೀದಿಗಿಳಿದು ಹೋರಾಡಿದ್ದಾರೆ, ತೋಂಟದಾರ್ಯ ಮಠದ ಸಿದ್ಧಲಿಂಗ ಸ್ವಾಮೀಜಿ ಮುಂದೆ ನಿಂತಿದ್ದರು, 2019ರಲ್ಲಿ ಅದು ವನ್ಯಜೀವಿಧಾಮ ಆಯಿತು. ಚಳಿಗಾಲವಾದರೆ ಮಾಗಡಿ ಕೆರೆ. ಹಿಮಾಲಯ ದಾಟಿ ಬರುವ ಪಟ್ಟೆತಲೆ ಹೆಬ್ಬಾತುಗಳು ಅಲ್ಲಿ ಇಳಿಯುತ್ತವೆ, 2024ರಲ್ಲಿ ಆ ಕೆರೆ ಜಗತ್ತಿನ ಮಹತ್ವದ ಕೆರೆ, ಜೌಗು ನೆಲಗಳ ರಾಮ್ಸಾರ್ ಪಟ್ಟಿ ಸೇರಿತು. ಸಂಜೆ ಗದಗಿನ ವೀರನಾರಾಯಣ ಗುಡಿಯಲ್ಲಿ ಕುಮಾರವ್ಯಾಸ ಕೂತು ಬರೆದ ಅಂತ ಹೇಳುವ ಕಂಬದ ಹತ್ತಿರ ಸುಮ್ನೆ ಕೂರಬಹುದು. ಇವೆಲ್ಲ ನನಗೆ ಚಿಕ್ಕಂದಿನಲ್ಲೇ ಸಿಕ್ಕವು. ಒಂದೂವರೆ ತಿಂಗಳು ಊರಲ್ಲೇ ಇರುತ್ತಿದ್ದೆನಲ್ಲ, ಅದಕ್ಕೆ. ಈಗಿನ ಮಕ್ಕಳಿಗೆ ಅಷ್ಟು ದಿನ ಇಲ್ಲ. ಒಂದು ರಾತ್ರಿಯಾದರೂ ಸಿಗಲಿ.

ಇನ್ನೊಂದು ಸಣ್ಣ ಮಾತು. ಸಂಗ್ರಹಿಸಿದ ಕಲ್ಲುಗಳನ್ನು ಜನರ ನೋಟಕ್ಕೆ ಇಡುವಾಗ, ಪ್ರತಿಯೊಂದರ ಪಕ್ಕ ಅದು ಯಾವ ಓಣಿಯಿಂದ, ಯಾವ ಮನೆಯಿಂದ ಬಂತು ಅಂತ ಕನ್ನಡದಲ್ಲಿ ಬರೆಸಿ. ಮನೆಯವರು ಒಪ್ಪಿದರೆ ಅವರ ಹೆಸರೂ ಇರಲಿ. ಯಾವ ಶತಮಾನದ್ದು ಅಂತ ಬರೆದ ಹಾಗೆಯೇ, ಇಷ್ಟು ವರ್ಷ ಇದನ್ನು ಕಾಯ್ದವರು ಯಾರು ಅಂತಲೂ ಬರೆಯಿರಿ. ನಮ್ಮ ಐದು ಹಂಸಗಳನ್ನು ಹುಡುಕಲು ಆ ದಿನ ಹೊತ್ತು ಸಾಲಲಿಲ್ಲ. ಮುಂದಿನ ಸಲ ಹುಡುಕುತ್ತೇನೆ. ಒಂದೇ ಒಂದು ಸಲ ಮುಟ್ಟಲು ಬಿಟ್ಟರೆ, ಕಣ್ಣು ಮುಚ್ಚಿಯೇ ಗುರುತು ಹಿಡಿಯುತ್ತೇನೆ.

ಅಜ್ಜಿ ಬೀಳ್ಕೊಡುವಾಗ ಮಗಳ ಜೇಬಿಗೆ ಎರಡು ಹಿಡಿ ಶೇಂಗಾ ತುಂಬಿದರು. "ಬ್ಯಾಸಗಿ ಸೂಟಿಗೆ ಬಾ ತಂಗಿ, ಮಾಳಗಿ ಮ್ಯಾಲ ಮಲಗೂಣಂತ" ಅಂದರು. ಪುಕ್ಕಟೆಯಾಗಿ ಕರೆದರು, ದೊಡ್ಡ ಮನಸ್ಸಿನಿಂದ ಕರೆದರು. ಆದರೆ ನಾವು ಅವರಿಗೆ ನೆಂಟರಲ್ಲ. ಹೋಗಿ ಅವರ ಹಿಟ್ಟು, ನೀರು ಖರ್ಚು ಮಾಡಿಸುವುದು ಸರಿಯಲ್ಲ. ಕೋಣೆಗೆ ಇಷ್ಟು, ಊಟಕ್ಕೆ ಇಷ್ಟು ಅಂತ ಅವರೇ ಹೇಳಿ, ನಾವು ಕೊಟ್ಟು, ಆಮೇಲೆ ಏಣಿ ಹತ್ತಬೇಕು. ಬೇಸಿಗೆಗೆ ಇನ್ನೂ ಕೆಲವು ತಿಂಗಳಿದೆ. ಹತ್ತು ಮನೆ ಆಗದಿದ್ದರೆ ಮೊದಲು ಆ ಒಂದು ಮನೆಯಿಂದಲೇ ಶುರು ಮಾಡಿ. ಮೊದಲ ಬುಕಿಂಗ್ ನಮ್ಮದು. ಇಬ್ಬರು, ಒಂದು ಕಂಬಳಿ, ಎರಡು ಕೌದಿ.

ಇಂತಿ,
ಲಕ್ಕುಂಡಿಯ ಒಬ್ಬ ಮೊಮ್ಮಗಳು